ಸ್ಕೇಲ್ ಸರಿ ಇದೆ, ಆದರೂ ಮೆಲೊಡಿ ಯಾರ ಬಾಯಲ್ಲೂ ನಿಲ್ಲುತ್ತಿಲ್ಲ. ಥಿಯರಿ ಎಲ್ಲಿಂದ ಶುರು ಮಾಡಲಿ?

ಮಂಡ್ಯ_ಲೂಪ್

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ಡಿಗ್ರಿ ಕೊನೇ ವರ್ಷ. ಮನೆಯಲ್ಲಿ ಲ್ಯಾಪ್‌ಟಾಪ್, ಹೆಡ್‌ಫೋನ್, ಎಫ್‌ಎಲ್ ಸ್ಟುಡಿಯೊ (ಸಂಗೀತ ಮಾಡುವ ಸಾಫ್ಟ್‌ವೇರ್) ಇಟ್ಟುಕೊಂಡು ಡ್ಯಾನ್ಸ್ ಟ್ರ್ಯಾಕ್ ಮಾಡುತ್ತೇನೆ, ಹೆಚ್ಚಾಗಿ ಹೌಸ್, ಆಗಾಗ ಟ್ರಾನ್ಸ್. ಬೀಟ್ ವಿಷಯದಲ್ಲಿ ನನಗೆ ಧೈರ್ಯ ಇದೆ. ಕಿಕ್ಕು (ದಪ್ಪ ಡ್ರಮ್ ಹೊಡೆತ), ಬೇಸು, ಸೈಡ್‌ಚೈನು (ಕಿಕ್ ಬಿದ್ದಾಗ ಬೇರೆ ಸದ್ದು ತಗ್ಗಿಸುವುದು) ಎಲ್ಲ ಕೈಗೆ ಹತ್ತಿದೆ. ನಮ್ಮ ಬೀದಿ ಗಣಪತಿ ಬಿಡುವಾಗ ಹುಡುಗರು ನನ್ನ ಟ್ರ್ಯಾಕ್ ಹಾಕಿದ್ದರು, ಕಿಕ್ ಬಂದ ಕೂಡಲೇ ಜನ ಕುಣಿದರು. ಆದರೆ ಮೆಲೊಡಿ ಬರುವ ಜಾಗಕ್ಕೆ ಬಂದಾಗ ಎಲ್ಲರೂ ಸುಮ್ನೆ ಕೈ ಆಡಿಸುತ್ತಾ ಮುಂದಿನ ಡ್ರಾಪ್‌ಗೆ, ಅಂದರೆ ಬೀಟ್ ಮತ್ತೆ ಜೋರಾಗಿ ಬರುವ ಜಾಗಕ್ಕೆ, ಕಾಯುತ್ತಿದ್ದರು. ಮಾರನೇ ದಿನ ಒಬ್ಬರ ಬಾಯಲ್ಲೂ ಆ ಟ್ಯೂನ್ ಇರಲಿಲ್ಲ.

ಈಗ ಮಾಡುತ್ತಿರುವುದು 128 ಬಿಪಿಎಂ (ನಿಮಿಷಕ್ಕೆ 128 ಬೀಟ್), ಎ ಮೈನರ್. ಕಾರ್ಡ್‌ಗಳು ಎ ಮೈನರ್, ಎಫ್, ಸಿ, ಜಿ, ಬಾರ್‌ಗೆ (ನಾಲ್ಕು ಬೀಟ್‌ಗೆ) ಒಂದರಂತೆ. ಪಿಯಾನೊ ರೋಲ್‌ನಲ್ಲಿ (ನೋಟ್ ಇಡುವ ಕಿಟಕಿ) ಸ್ಕೇಲ್ ಹೈಲೈಟ್ ಹಾಕಿಕೊಂಡು ಅದರ ಒಳಗೇ ನೋಟ್ ಇಡುತ್ತೇನೆ, ಹಾಗಾಗಿ ಅಪಸ್ವರ ಅಂತ ಯಾವುದೂ ಇಲ್ಲ. ಲೀಡ್, ಅಂದರೆ ಮುಖ್ಯ ಟ್ಯೂನ್, ಹೀಗಿದೆ, ಬೀಟ್‌ಗೆ ಒಂದು ನೋಟ್:

ಎ ಸಿ ಬಿ ಎ | ಜಿ ಎ ಬಿ ಜಿ | ಎ ಬಿ ಎ ಎಫ್ | ಎ ಸಿ ಬಿ ಎ

ಥಿಯರಿ ಕಲಿತರೆ ಸರಿ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಯೂಟ್ಯೂಬ್ ತೆಗೆದರೆ ಒಬ್ಬರು ಸರ್ಕಲ್ ಆಫ್ ಫಿಫ್ತ್ಸ್ ಅನ್ನುತ್ತಾರೆ, ಇನ್ನೊಬ್ಬರು ಮೋಡ್ಸ್ ಅನ್ನುತ್ತಾರೆ, ಮತ್ತೊಬ್ಬರು ಸ್ಟಾಫ್ ನೊಟೇಷನ್ ಓದಲು ಬಾರದಿದ್ದರೆ ಏನೂ ಆಗಲ್ಲ ಅನ್ನುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತಿಲ್ಲ. ಚಿಕ್ಕವನಿದ್ದಾಗ ಪಕ್ಕದ ರಸ್ತೆಯ ಮೇಡಂ ಹತ್ತಿರ ಸರಳೆ, ಜಂಟಿ, ಅಲಂಕಾರದವರೆಗೆ ಕಲಿತಿದ್ದೇನೆ. ಅದು ಇಲ್ಲಿ ಉಪಯೋಗಕ್ಕೆ ಬರುತ್ತದಾ? ಅಥವಾ ಮೈಸೂರಿಗೆ ಹೋಗಿ ಕೀಬೋರ್ಡ್ ಕ್ಲಾಸ್ ಸೇರಿ ಗ್ರೇಡ್ ಪರೀಕ್ಷೆ ಕಟ್ಟಬೇಕಾ? ವಾರಕ್ಕೆ ಎರಡು ದಿನ ಓಡಾಡಲು ನಾನು ತಯಾರಿದ್ದೇನೆ, ಆದರೆ ಅದರಿಂದ ನನ್ನ ಟ್ರ್ಯಾಕ್‌ಗೆ ಏನು ಸಿಗುತ್ತದೆ ಅಂತ ಮೊದಲು ತಿಳಿಯಬೇಕು.

ಬಿಳಿಮನೆ_ಕಪ್ಪುಮನೆ

ಮೈಸೂರಿನಲ್ಲಿ ಮಕ್ಕಳಿಗೆ, ದೊಡ್ಡವರಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ನಿಮ್ಮ ನಾಲ್ಕು ಬಾರ್ ನುಡಿಸಿ ನೋಡಿದೆ. ಟ್ಯೂನ್ ಬರೆದು ಹಾಕಿದ್ದು ತುಂಬ ಒಳ್ಳೆಯದಾಯಿತು, ಇಲ್ಲದಿದ್ದರೆ ಎಲ್ಲರೂ ಗಾಳಿಯಲ್ಲಿ ಮಾತಾಡುತ್ತಿದ್ದೆವು.

ಸರಳೆ ಬರುತ್ತದೆ ಅಂದಿರಲ್ಲ, ಅಲ್ಲಿಂದಲೇ ಹೋಗೋಣ. ಎ ಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಎ ಬಿ ಸಿ ಡಿ ಇ ಎಫ್ ಜಿ ಅಂದರೆ ಸ ರಿ ಗ ಮ ಪ ದ ನಿ. ಸ್ವರಸ್ಥಾನ ನೋಡಿದರೆ ಇದು 20ನೇ ಮೇಳಕರ್ತ (ಏಳೂ ಸ್ವರ ಇರುವ ಮೂಲ ರಾಗ) ನಟಭೈರವಿ. ಕಾರ್ಡ್ ಅಂದರೆ ಇದರಲ್ಲಿ ಒಂದು ಸ್ವರ ಹಿಡಿದು, ಒಂದು ಬಿಟ್ಟು, ಇನ್ನೊಂದು ಹಿಡಿದು, ಹೀಗೆ ಮೂರನ್ನು ಒಟ್ಟಿಗೆ ಒತ್ತುವುದು, ಅಷ್ಟೇ. ಸ ಗ ಪ ಒತ್ತಿದರೆ ಎ ಮೈನರ್. ದ ಸ ಗ ಒತ್ತಿದರೆ ಎಫ್ ಮೇಜರ್. ಗ ಪ ನಿ ಅಂದರೆ ಸಿ ಮೇಜರ್, ನಿ ರಿ ಮ ಅಂದರೆ ಜಿ ಮೇಜರ್. ನಿಮ್ಮ ನಾಲ್ಕೂ ಕಾರ್ಡ್ ಇಲ್ಲಿಗೆ ಮುಗಿಯಿತು.

ಈಗ ನಿಮ್ಮ ಎರಡನೇ ಬಾರ್ ನೋಡಿ. ಕೆಳಗೆ ಎಫ್ ಕಾರ್ಡ್ ಇದೆ, ಅಂದರೆ ಎಫ್, ಎ, ಸಿ. ನೀವು ಮೊದಲ ಬೀಟ್‌ನಲ್ಲಿ ಇಟ್ಟದ್ದು ಜಿ, ಕೊನೆಯಲ್ಲಿ ಇಟ್ಟದ್ದೂ ಜಿ, ನಡುವೆ ಒಂದು ಎ ಸಿಕ್ಕರೂ ಅದರ ಹಿಂದೆಯೇ ಬಿ. ಮೂರನೇ ಬಾರ್‌ನಲ್ಲಿ ಸಿ ಕಾರ್ಡ್, ಅಂದರೆ ಸಿ, ಇ, ಜಿ. ಲೀಡ್‌ನಲ್ಲಿ ಎ ಬಿ ಎ ಎಫ್. ಕಾರ್ಡ್‌ನ ಒಂದು ಸ್ವರವೂ ಅಲ್ಲಿಲ್ಲ! ಎಲ್ಲವೂ ಸ್ಕೇಲ್ ಒಳಗಿವೆ, ಅದಕ್ಕೇ ಕಿವಿಗೆ ಚುಚ್ಚುವುದಿಲ್ಲ. ಆದರೆ ಟ್ಯೂನ್‌ಗೆ ಕಾಲೂರಲು ನೆಲ ಸಿಗುತ್ತಿಲ್ಲ. ಕಾರ್ಡ್ ಬದಲಾದದ್ದು ಲೀಡ್‌ಗೆ ಗೊತ್ತೇ ಇಲ್ಲ ಅನ್ನುವ ಹಾಗೆ ಕೇಳುತ್ತದೆ. ಕೇಳುವವರಿಗೆ ಇದರ ಹೆಸರು ಗೊತ್ತಿರುವುದಿಲ್ಲ, ಟ್ಯೂನ್ ಹಿಡಿತಕ್ಕೆ ಸಿಗುವುದಿಲ್ಲ ಅಷ್ಟೇ.

ಆದ್ದರಿಂದ ಮೊದಲು ಕಲಿಯಬೇಕಾದದ್ದು ಒಂದೇ: ಬಾರ್‌ನ ಗಟ್ಟಿ ಜಾಗದಲ್ಲಿ, ಅಂದರೆ ಮೊದಲ ಬೀಟ್‌ನಲ್ಲಿ ಮತ್ತು ಉದ್ದ ಹಿಡಿಯುವ ನೋಟ್‌ನಲ್ಲಿ, ಕಾರ್ಡ್‌ನ ಸ್ವರ ಇರಲಿ. ಉಳಿದ ಕಡೆ ಪಕ್ಕದ ಸ್ವರಗಳು ಹಾದು ಹೋಗಲಿ. ನಿಮ್ಮ ಮೊದಲ ಬಾರ್ ಚೆನ್ನಾಗಿದೆ, ಅದನ್ನು ಬಿಡಬೇಡಿ. ಅದೇ ಆಕಾರ ಇಟ್ಟುಕೊಂಡು ಹೀಗೆ ಮಾಡಿ ನೋಡಿ:

ಎ ಸಿ ಬಿ ಎ | ಎ ಸಿ ಬಿ ಎ | ಜಿ ಸಿ ಬಿ ಜಿ | ಜಿ ಬಿ ಎ ಬಿ

ಎರಡನೇ ಬಾರ್‌ನಲ್ಲಿ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆದರೆ ಕೆಳಗೆ ಎಫ್ ಬಂದಿರುವುದರಿಂದ ಅದೇ ಎ ಈಗ ಆ ಕಾರ್ಡ್‌ನ ಮೂರನೇ ಸ್ವರ ಆಗುತ್ತದೆ, ಬಣ್ಣ ಬೇರೆ ಆಗುತ್ತದೆ. ಮೂರನೇ ಬಾರ್‌ನಲ್ಲಿ ಅದೇ ಏರಿ ಇಳಿಯುವ ಆಕಾರ, ಆದರೆ ಜಿ ಇಂದ. ನಾಲ್ಕನೆಯದು ಬಿ ಮೇಲೆ ನಿಲ್ಲುತ್ತದೆ. ಬಿ ಅನ್ನುವುದು ಜಿ ಕಾರ್ಡ್‌ನ ಸ್ವರವೇ, ಆದರೆ ಎ ಮೈನರ್‌ನಲ್ಲಿ ಅದು ರಿಷಭ. ಷಡ್ಜ ಪಕ್ಕದಲ್ಲೇ ಇದೆ, ಅಲ್ಲಿಗೆ ಹೋಗಬೇಕು ಅಂತ ಕಿವಿ ಕೇಳುತ್ತದೆ. ಲೂಪ್ ತಿರುಗಿ ಎ ಬಂದಾಗ ಕೇಳಿದ್ದು ಸಿಕ್ಕಿಬಿಡುತ್ತದೆ.

ಐದು ಮತ್ತು ಆರನೇ ಬಾರ್ ಹಾಗೇ ಇರಲಿ, ಏಳರಲ್ಲಿ ಜಿ, ಸಿ ಆದ ಮೇಲೆ ಮೇಲಿನ ಇ ಗೆ ಹತ್ತಿ ಅಲ್ಲೇ ಹಿಡಿಯಿರಿ. ಎಂಟು ಬಾರ್‌ನಲ್ಲಿ ಅದೊಂದೇ ಎತ್ತರದ ಜಾಗ. 128 ಬಿಪಿಎಂನಲ್ಲಿ ಎಂಟು ಬಾರ್ ಅಂದರೆ 15 ಸೆಕೆಂಡ್, ಹದಿನಾರು ಅಂದರೆ 30 ಸೆಕೆಂಡ್. ಅಷ್ಟರಲ್ಲಿ ಒಂದು ಆಕಾರ ಹಲವು ಸಲ ಬಂದು, ಒಂದೇ ಸಲ ಮೇಲೆ ಹೋಗಿ ಇಳಿದರೆ ಜನರ ಬಾಯಿಗೆ ಬರುತ್ತದೆ. ಬಾರ್‌ಗೊಂದು ಹೊಸ ವಿಚಾರ ಹಾಕಿದರೆ ಯಾವುದೂ ಉಳಿಯುವುದಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಾಲ್ಕು ಕಾರ್ಡ್ ಲೂಪ್‌ನಲ್ಲಿ ಓಡಲಿ, ಲೀಡ್‌ನಲ್ಲಿ ಸಿ ಒಂದನ್ನೇ ನಾಲ್ಕು ಬಾರ್ ಎಳೆಯಿರಿ. ಎ ಮೈನರ್ ಮೇಲೆ ಅದು ಸ್ವಲ್ಪ ದುಃಖದ ಹಾಗೆ, ಎಫ್ ಮೇಲೆ ಅಗಲವಾಗಿ, ಸಿ ಮೇಲೆ ಮನೆಗೆ ಬಂದ ಹಾಗೆ ಕೇಳುತ್ತದೆ, ಜಿ ಬಂದಾಗ ಮಾತ್ರ ಕೆಳಗಿನ ಬಿ ಗೆ ಜಾರಬೇಕು ಅಂತ ಎಳೆಯುತ್ತದೆ. ಆಮೇಲೆ ಇ ಎಳೆಯಿರಿ, ಆಮೇಲೆ ಡಿ. ಕೀಬೋರ್ಡ್ ಪಾಠದಲ್ಲಿ ನಾನು ಎಲ್ಲರಿಗೂ ಮಾಡಿಸುವುದು ಇದನ್ನೇ, ಇದು ಕಿವಿಗೆ ಕೂತರೆ ಮಿಕ್ಕ ಥಿಯರಿ ಪುಸ್ತಕ ಓದುವುದು ಸುಲಭ.

ಗ್ರೇಡ್ ಪರೀಕ್ಷೆ ನಿಮಗೆ ಈಗ ಬೇಡ. ಅದು ನೊಟೇಷನ್ ಓದಿ ಬೇರೆಯವರ ಕೃತಿ ನುಡಿಸುವವರಿಗೆ ಬಹಳ ಒಳ್ಳೆಯದು. ನೀವು ಕಟ್ಟುವವರು.

ಫಿಲ್ಟರ್_ತಿರುಗಿಸು

ನನಗೆ ಇದು ಅಷ್ಟು ಒಪ್ಪಿಗೆ ಇಲ್ಲ. ಡ್ಯಾನ್ಸ್ ಮ್ಯೂಸಿಕ್‌ನಲ್ಲಿ ಸೌಂಡ್ ಮುಖ್ಯ, ನೋಟ್ ಆಮೇಲೆ. ರೋಲ್ಯಾಂಡ್ ಕಂಪನಿಯವರು 80ರ ದಶಕದ ಶುರುವಲ್ಲಿ ಟಿಬಿ-303 ಅಂತ ಚಿಕ್ಕ ಡಬ್ಬಿ ಮಾಡಿದರು. ಗಿಟಾರ್ ನುಡಿಸುವವರಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ್ದು, ಮಾರಾಟ ಆಗಲಿಲ್ಲ, ನಿಲ್ಲಿಸಿಬಿಟ್ಟರು. ಶಿಕಾಗೊ ಹುಡುಗರು ಅದನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ತಂದು, ಒಂದು ಬಾರ್ ಪ್ಯಾಟರ್ನ್ ಓಡಿಸುತ್ತಾ ಫಿಲ್ಟರ್ (ಸದ್ದಿನ ಹೊಳಪು ಕೂಡಿಸಿ ಕಳೆಯುವ ಗುಂಡಿ) ತಿರುಗಿಸಿ ಆಸಿಡ್ ಹೌಸ್ ಅನ್ನುವ ಶೈಲಿಯನ್ನೇ ಹುಟ್ಟಿಸಿದರು. ಅಲ್ಲಿ ಯಾವ ಕಾರ್ಡ್ ಪ್ರೊಗ್ರೆಷನ್ ಇದೆ ಹೇಳಿ? ಎರಡು ಮೂರು ನೋಟ್, ಆದರೆ ರಾತ್ರಿಯೆಲ್ಲ ಜನ ಕುಣಿದರು. ಗುರು, ನೀನು ಮೊದಲು ಒಳ್ಳೆ ಪ್ಲಕ್ (ತಂತಿ ಮೀಟಿದ ಥರದ) ಸೌಂಡ್ ಮಾಡು, ಫಿಲ್ಟರ್ ಕಟ್‌ಆಫ್ ತಾನೇ ತಿರುಗುವ ಹಾಗೆ ಆಟೊಮೇಟ್ ಮಾಡು, ಎಂಟು ಬಾರ್ ಉದ್ದಕ್ಕೂ ನಿಧಾನವಾಗಿ ತೆರೆಯಲಿ. ಆಗ ನಿನ್ನ ಹಳೇ ಟ್ಯೂನೇ ಬೇರೆ ಥರ ಕೇಳುತ್ತದೆ. ಥಿಯರಿ ಕಲಿಯುತ್ತಾ ಕೂತರೆ ಟ್ರ್ಯಾಕ್ ಮುಗಿಯುವುದಿಲ್ಲ.

ಬಿಳಿಮನೆ_ಕಪ್ಪುಮನೆ

ಆಸಿಡ್ ಬಗ್ಗೆ ನೀವು ಹೇಳಿದ್ದು ನಿಜ, ಟೆಕ್ನೊಗೂ ಅದು ಸರಿ. ಅಲ್ಲಿ ಫಿಲ್ಟರ್ ಚಲನೆಯೇ ಮೆಲೊಡಿ ಕೆಲಸ ಮಾಡುತ್ತದೆ. ಆದರೆ ಇವರು ಕೇಳುತ್ತಿರುವುದು ಜನರ ಬಾಯಲ್ಲಿ ಉಳಿಯುವ ಟ್ಯೂನ್. ಫಿಲ್ಟರ್ ಓಟವನ್ನು ಯಾರೂ ಗುನುಗಲು ಆಗುವುದಿಲ್ಲ, ಅಲ್ವಾ? ಲೀಡ್ ಅನ್ನು ಸಾದಾ ಪಿಯಾನೊ ಸೌಂಡ್‌ನಲ್ಲಿ ಹಾಕಿ ಕೇಳಿದಾಗಲೂ ಅದು ನಿಲ್ಲಬೇಕು, ಆಮೇಲೆ ಎಷ್ಟು ಬೇಕಾದರೂ ಸೌಂಡ್ ಕೆಲಸ ಮಾಡಿ.

ಮದ್ದೂರು_ಆರ್ಕೆಸ್ಟ್ರಾ

ತಮ್ಮಾ, ನಾನು ಮದ್ದೂರು, ಮಂಡ್ಯ ಕಡೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮೇಲೆ ಕೀಬೋರ್ಡ್ ಮೇಡಂ ಸ್ವರದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಲಯದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿನ್ನ ಟ್ಯೂನ್‌ನಲ್ಲಿ ಅರ್ಧ ಸಮಸ್ಯೆ ಅಲ್ಲೇ ಇದೆ.

ಬೀಟ್‌ಗೆ ಒಂದು ನೋಟ್ ಅಂದೆಯಲ್ಲ. ಹೌಸ್‌ನಲ್ಲಿ ಕಿಕ್ ಬೀಳುವುದೂ ಬೀಟ್‌ಗೆ ಒಂದು. ಅಂದರೆ ನಿನ್ನ ಪ್ರತಿ ಸ್ವರವೂ ಕಿಕ್ ಅಡಿಗೇ ಬೀಳುತ್ತಿದೆ. ಅದರ ಮೇಲೆ ಸೈಡ್‌ಚೈನ್ ಹಾಕಿದ್ದರಂತೂ ನೋಟ್ ಶುರುವಾಗುವ ಹೊತ್ತಿಗೇ ಅದರ ಸದ್ದು ತಗ್ಗಿಬಿಡುತ್ತದೆ. ಸ್ವರದ ಮೂತಿಯೇ ಯಾರಿಗೂ ಕೇಳಿಸುವುದಿಲ್ಲ.

ನೀನು ಅಲಂಕಾರದವರೆಗೆ ಕಲಿತವನು, ಬಾಯಲ್ಲಿ ಹೇಳು ನೋಡೋಣ: ತಕಿಟ ತಕಿಟ ತಕಿಟ ತಕಿಟ ತಕದಿಮಿ. ಮೂರು ನಾಲ್ಕಲೆ ಹನ್ನೆರಡು, ಮೇಲೆ ನಾಲ್ಕು, ಒಟ್ಟು ಹದಿನಾರು. ನಿನ್ನ ಸ್ಟೆಪ್ ಸೀಕ್ವೆನ್ಸರ್‌ನಲ್ಲಿ ಒಂದು ಬಾರ್‌ಗೆ ಇರುವುದೂ ಹದಿನಾರು ಸ್ಟೆಪ್. ಕೈಯಲ್ಲಿ ನಾಲ್ಕು ಚಪ್ಪಾಳೆ ಕಿಕ್ ಥರ ತಟ್ಟುತ್ತಾ ಬಾಯಲ್ಲಿ ಇದನ್ನು ಹೇಳು, ಪ್ರತಿ ತಕಿಟದ ತ ಎಲ್ಲಿ ಬೀಳುತ್ತದೆ ನೋಡು. 1, 4, 7, 10, ಆಮೇಲೆ 13. ಕಿಕ್ ಇರುವುದು 1, 5, 9, 13ರಲ್ಲಿ. ಮೊದಲನೆಯದು ಮತ್ತು ಕೊನೆಯದು ಬಿಟ್ಟರೆ ಎಲ್ಲವೂ ಕಿಕ್ ಸಂದಿಯಲ್ಲಿ ಬೀಳುತ್ತವೆ. ಕುಣಿಯುವವನ ಕಾಲು ಕಿಕ್ ಜೊತೆ ಇರುತ್ತದೆ, ಭುಜ ಈ ಲೆಕ್ಕಕ್ಕೆ ಆಡುತ್ತದೆ. ಕುಣಿತ ಹುಟ್ಟುವುದೇ ಆ ಎಳೆದಾಟದಲ್ಲಿ.

ಮೇಡಂ ಕೊಟ್ಟ ಎ ಸಿ ಬಿ ಎ ಯನ್ನು 1, 4, 7, 10ರಲ್ಲಿ ಇಡು. 13ರಿಂದ ಕೊನೆಯ ನಾಲ್ಕು ಸ್ಟೆಪ್ ಖಾಲಿ ಬಿಡು. ಆ ಖಾಲಿ ಜಾಗ ತುಂಬಬೇಕು ಅಂತ ಕೈ ತುರಿಸುತ್ತದೆ, ತುಂಬಬೇಡ. ಗಾಯಕರ ಜೊತೆ ನುಡಿಸಿದವರಿಗೆ ಇದು ಬೇಗ ತಿಳಿಯುತ್ತದೆ, ಉಸಿರು ತೆಗೆದುಕೊಳ್ಳಲು ಜಾಗ ಇಲ್ಲದ ಟ್ಯೂನನ್ನು ಯಾರೂ ಹಾಡುವುದಿಲ್ಲ. ಸಿಂಥ್‌ಗೆ ಉಸಿರು ಬೇಡ, ಕೇಳುವವನಿಗೆ ಬೇಕು.

ಇನ್ನೊಂದು ಮಾತು. ಎ ಬಿ ಸಿ ಅಂತ ಅಕ್ಷರದಲ್ಲಿ ಯೋಚಿಸಬೇಡ, ಸ ರಿ ಗ ದಲ್ಲಿ ಯೋಚಿಸು. ನಮಗೆ ವೇದಿಕೆ ಮೇಲೆ ಒಬ್ಬ ಗಾಯಕಿ ಐದೂವರೆ ಶ್ರುತಿ ಅನ್ನುತ್ತಾರೆ, ಮುಂದಿನವನು ಬಂದು ಒಂದೂವರೆ ಅನ್ನುತ್ತಾನೆ. ಅಕ್ಷರ ನೆನಪಿಟ್ಟುಕೊಂಡವನು ಅಲ್ಲೇ ತಡವರಿಸುತ್ತಾನೆ. ಸ, ದ, ಗ, ನಿ ಮೇಲಿನ ಕಾರ್ಡ್‌ಗಳು ಅಂತ ಗೊತ್ತಿದ್ದರೆ ಯಾವ ಶ್ರುತಿಗೂ ಅದೇ ನಡೆ. ಲ್ಯಾಪ್‌ಟಾಪ್ ಮುಚ್ಚಿಟ್ಟು ಗೊತ್ತಿರುವ ಹಾಡುಗಳನ್ನು ಸ್ವರ ಹಾಕಿ ಹಾಡು. ಬಸ್ಸಿನಲ್ಲಿ ಕೂತಾಗ ಮಾಡು, ಸ್ನಾನಕ್ಕೆ ಹೋದಾಗ ಮಾಡು. ಮೊದಲು ಬೇಸ್ ಎಲ್ಲಿಗೆ ಹೋಗುತ್ತಿದೆ ಅಂತ ಹಿಡಿ, ಕಾರ್ಡ್ ತಾನಾಗಿ ಗೊತ್ತಾಗುತ್ತದೆ.

ವೀಣೆ_ಮತ್ತು_ಸಿಂಥ್

ಮೈಸೂರಿನಲ್ಲಿ ವೀಣೆ ಕಲಿಯುತ್ತಿದ್ದೇನೆ, ಮನೆಯಲ್ಲಿ ಸಿಂಥ್ ಕೂಡ ಇದೆ. ರಾಗದ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೀಬೋರ್ಡ್‌ನ ಕಪ್ಪು ಮನೆಗಳನ್ನು ಮಾತ್ರ ನೋಡಿ. ಎರಡರ ಗುಂಪು, ಮೂರರ ಗುಂಪು ಇದೆಯಲ್ಲ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ ಮಾಡಿಕೊಂಡು ಕಪ್ಪು ಮನೆಗಳನ್ನೇ ಏರುತ್ತಾ ಹೋದರೆ ಮೋಹನ. ಅದೇ ಗುಂಪಿನ ಎರಡನೆಯದರಿಂದ ಮಧ್ಯಮಾವತಿ. ಮೂರನೆಯದರಿಂದ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಅವೇ ಐದು ಮನೆ, ಐದು ರಾಗದ ಸ್ವರಗಳು. ಗ್ರಹಭೇದ ಅನ್ನುವುದು ಇದನ್ನೇ. ಡ್ಯಾನ್ಸ್ ಟ್ರ್ಯಾಕ್ ಮಾಡುವವರಿಗೆ ಇದು ದೊಡ್ಡ ಉಪಕಾರ, ಯಾಕೆಂದರೆ ಈ ಐದರಲ್ಲಿ ಅರ್ಧ ಸ್ವರದ ಅಂತರ ಎಲ್ಲೂ ಇಲ್ಲ. ಅಕ್ಕಪಕ್ಕ ತಿಕ್ಕಾಡುವ ಸ್ವರ ಇಲ್ಲದ ಕಾರಣ ಕೆಳಗೆ ಕಾರ್ಡ್ ಬದಲಾದರೂ ಮೇಲಿನ ಟ್ಯೂನ್ ಸುಲಭವಾಗಿ ಕೆಡುವುದಿಲ್ಲ. ನಿಮ್ಮ ಎ ಮೈನರ್‌ನಲ್ಲಿ ಬಿ ಮತ್ತು ಎಫ್ ತೆಗೆದುಬಿಡಿ, ಉಳಿದ ಎ ಸಿ ಡಿ ಇ ಜಿ ಶುದ್ಧ ಧನ್ಯಾಸಿಯ ಸ್ವರಗಳು. ಅದರಲ್ಲಿ ಒಂದು ಬ್ರೇಕ್‌ಡೌನ್ (ಬೀಟ್ ನಿಂತು ಟ್ಯೂನ್ ಮುಂದೆ ಬರುವ ಭಾಗ) ಟ್ಯೂನ್ ಕಟ್ಟಿ ನೋಡಿ.

ನಿಮಗೆ ಸರಳೆಯಿಂದ ಬಾಯಿಪಾಠ ಇರುವ ಮಾಯಾಮಾಳವಗೌಳದ ಕಥೆಯೇ ಬೇರೆ. ಅದರಲ್ಲಿ ಅರ್ಧ ಸ್ವರದ ಜಾಗ ನಾಲ್ಕು. ಎ ಷಡ್ಜ ಆದರೆ ರಿಷಭ ಬಿ ಫ್ಲ್ಯಾಟ್, ಅದು ಎ ಗೆ ಒರಗಿಕೊಂಡೇ ಇರುತ್ತದೆ. ನಾಲ್ಕು ಕಾರ್ಡ್‌ನ ಪ್ರೊಗ್ರೆಷನ್ ಮೇಲೆ ಇದನ್ನು ಕೂರಿಸಲು ಹೋದರೆ ಎರಡೂ ಹಾಳಾಗುತ್ತವೆ. ಹೀಗೆ ಮಾಡಿ: ಬೇಸ್ ಎ ಯಲ್ಲೇ ತಂಬೂರಿ ಥರ ನಿಲ್ಲಲಿ, ಮೇಲೆ ಎ ಮೇಜರ್ ಮತ್ತು ಬಿ ಫ್ಲ್ಯಾಟ್ ಮೇಜರ್ ಎರಡೇ ಕಾರ್ಡ್ ಅದಲುಬದಲಾಗಲಿ. ಎರಡೂ ಕಾರ್ಡ್‌ನ ಸ್ವರಗಳು ಆ ಮೇಳದ ಒಳಗೇ ಇವೆ. ಡ್ರಾಪ್‌ಗೆ ಬೇಕಾದ ಕತ್ತಲೆ ಅಲ್ಲಿ ಸಿಗುತ್ತದೆ.

ಒಂದು ಎಚ್ಚರಿಕೆ. ಐದು ಸ್ವರ ಇಟ್ಟ ಮಾತ್ರಕ್ಕೆ ಅದು ರಾಗ ಆಗುವುದಿಲ್ಲ. ಹಿಂದೋಳ ಅಂದರೆ ಅದರ ಸಂಚಾರ, ಗಮಕ ಎಲ್ಲ ಸೇರಿ. ಪಿಯಾನೊ ರೋಲ್‌ನಲ್ಲಿ ಚೌಕ ಚೌಕ ನೋಟ್ ಇಟ್ಟರೆ ಅದರ ಎಲುಬು ಮಾತ್ರ ಬರುತ್ತದೆ. ಸಿಂಥನ್ನು ಮೊನೊ (ಒಮ್ಮೆಗೆ ಒಂದೇ ನೋಟ್) ಮಾಡಿ, ಗ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಸ್ವಲ್ಪ ತೆರೆದು, ನೋಟ್‌ಗಳು ಒಂದರ ಮೇಲೊಂದು ತುಸು ಹತ್ತುವ ಹಾಗೆ ಎಳೆಯಿರಿ. ಜಾರು ಆಗ ಬರುತ್ತದೆ. ಪಿಚ್ ಬೆಂಡ್ ಸಾಮಾನ್ಯವಾಗಿ ಮೇಲೆ ಕೆಳಗೆ ಎರಡು ಅರ್ಧ ಸ್ವರದಷ್ಟು ಇಟ್ಟಿರುತ್ತಾರೆ, ಹೆಚ್ಚಿನ ಗಮಕಕ್ಕೆ ಅಷ್ಟು ಸಾಕು.

ರಾಗವನ್ನು ಮೆಷಿನ್ ಬೀಟ್ ಮೇಲೆ ಕೂರಿಸುವುದು ಹೊಸತೂ ಅಲ್ಲ. ಮೇಲೆ ಹೇಳಿದ ಅದೇ ಟಿಬಿ-303 ಜೊತೆಗೆ ಟಿಆರ್-808 ಡ್ರಮ್ ಮೆಷಿನ್ ಇಟ್ಟುಕೊಂಡು ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳನ್ನು ಡಿಸ್ಕೊ ಬೀಟ್ ಮೇಲೆ ನುಡಿಸಿ ರೆಕಾರ್ಡ್ ಮಾಡಿದ್ದರು. ಶಿಕಾಗೊದವರಿಗಿಂತ ಮೊದಲು! ನಮ್ಮ ಜಯಚಾಮರಾಜೇಂದ್ರ ಒಡೆಯರ್ ಕೂಡ ಮೊದಲು ಪಿಯಾನೊ, ಪಾಶ್ಚಾತ್ಯ ಸಂಗೀತ ಕಲಿತು ಆಮೇಲೆ ಕರ್ನಾಟಕ ಪದ್ಧತಿಯಲ್ಲಿ 94 ಕೃತಿ ರಚಿಸಿದವರು. ಎರಡು ಕಿವಿಯನ್ನೂ ತೆರೆದಿಟ್ಟುಕೊಳ್ಳಿ.

ಮಂಡ್ಯ_ಲೂಪ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿ ಎಳೆದು ನಾಲ್ಕು ಕಾರ್ಡ್ ಕೇಳಿದೆ, ಜಿ ಬಂದಾಗ ಬಿ ಗೆ ಹೋಗು ಅಂತ ಎಳೆಯುವುದು ಸ್ಪಷ್ಟವಾಗಿ ಗೊತ್ತಾಯಿತು ಮೇಡಂ. ಆ ಟ್ಯೂನನ್ನು ಅಣ್ಣ ಹೇಳಿದ ತಕಿಟ ಲೆಕ್ಕಕ್ಕೆ ಇಟ್ಟೆ. ರೂಮಿಗೆ ಬಂದ ನನ್ನ ತಂಗಿ ಹೋಗುವಾಗ ಅದನ್ನು ಗುನುಗುತ್ತಾ ಹೋದಳು, ನನಗೆ ಅಷ್ಟು ಖುಷಿ ಆಯಿತು!

ಈಗ ಇನ್ನೊಂದು ಪ್ರಶ್ನೆ. ಬಿಲ್ಡಪ್‌ನಿಂದ ಡ್ರಾಪ್‌ಗೆ ಹೋಗುವ ಮುಂಚೆ, ಅಂದರೆ ಎಂಟನೇ ಬಾರ್‌ನಲ್ಲಿ, ಜಿ ಕಾರ್ಡ್ ಬದಲು ಇ ಮೇಜರ್ ಹಾಕಿದರೆ ಎಳೆತ ಜಾಸ್ತಿ ಆಗುತ್ತದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಹಾಕಿದೆ. ಎಳೆತ ಬಂತು, ಆದರೆ ಲೀಡ್ ಜೊತೆ ಹಲ್ಲು ಕಡಿದ ಹಾಗೆ ಕೇಳುತ್ತಿದೆ. ಲೀಡ್ ಎಂಟನೇ ಬಾರ್‌ನಲ್ಲಿ ಜಿ ಬಿ ಎ ಬಿ ನೇ ಇದೆ, ಎಲ್ಲವೂ ಸ್ಕೇಲ್ ಒಳಗೇ. ಯಾಕೆ ಹೀಗೆ? ಮತ್ತೆ ಬೇಸ್ ಈಗ ಸುಮ್ನೆ ಕಾರ್ಡ್‌ನ ರೂಟ್ ನೋಟ್ ಹಿಡಿದುಕೊಂಡಿದೆ, ಎ, ಎಫ್, ಸಿ, ಜಿ. ಅದನ್ನು ಹಾಗೇ ಬಿಡಲಾ? ಅಣ್ಣಾ, ಮಿಡಿ ಕೀಬೋರ್ಡ್ ತೆಗೆದುಕೊಳ್ಳಬೇಕಾ, ಮೌಸ್‌ನಲ್ಲೇ ಸಾಕಾ?

ಮದ್ದೂರು_ಆರ್ಕೆಸ್ಟ್ರಾ

ತಂಗಿ ಗುನುಗಿದ್ದಾಳೆ ಅಂದಮೇಲೆ ಟ್ಯೂನ್ ಗೆದ್ದಿತು ತಮ್ಮಾ. ಕೀಬೋರ್ಡ್ 25 ಮನೆಯದು ಇದ್ದರೂ ನಡೆಯುತ್ತದೆ, ಎರಡು ಸ್ಥಾಯಿ ಸಿಗುತ್ತದೆ. ಆದರೆ ದುಡ್ಡು ಕೂಡುವವರೆಗೆ ಕಾಯಬೇಡ. ಫೋನಿನಲ್ಲಿ ಬಾಯಲ್ಲೇ ಹಾಡಿ ರೆಕಾರ್ಡ್ ಮಾಡಿಕೋ, ಆಮೇಲೆ ಮೌಸ್‌ನಲ್ಲಿ ಇಡು. ಬಾಯಿಂದ ಬಂದ ಟ್ಯೂನ್‌ಗೂ ಮೌಸ್‌ನಿಂದ ಬಂದ ಟ್ಯೂನ್‌ಗೂ ಬಹಳ ವ್ಯತ್ಯಾಸ ಇರುತ್ತದೆ.

ಬಿಳಿಮನೆ_ಕಪ್ಪುಮನೆ

ಇ ಮೇಜರ್ ಅಂದರೆ ಇ, ಜಿ ಶಾರ್ಪ್, ಬಿ. ನಿಮ್ಮ ಲೀಡ್‌ನಲ್ಲಿ ಬರೀ ಜಿ ಇದೆ. ಜಿ ಮತ್ತು ಜಿ ಶಾರ್ಪ್ ಒಟ್ಟಿಗೆ ಮೊಳಗಿದಾಗ ಅರ್ಧ ಸ್ವರದ ತಿಕ್ಕಾಟ, ನಿಮಗೆ ಹಲ್ಲು ಕಡಿದ ಹಾಗೆ ಕೇಳಿದ್ದು ಅದು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಷ್ಟು ಹೊತ್ತು ಕೈಶಿಕಿ ನಿಷಾದದಲ್ಲಿದ್ದಿರಿ (ಜಿ), ಇ ಮೇಜರ್ ಕಾಕಲಿ ನಿಷಾದ (ಜಿ ಶಾರ್ಪ್) ಕೇಳುತ್ತಿದೆ. ನಟಭೈರವಿಯಿಂದ ಕೀರವಾಣಿಗೆ ಒಂದು ಬಾರ್ ಮಟ್ಟಿಗೆ ಹೋಗಿ ಬಂದ ಹಾಗೆ. ಇಂಗ್ಲಿಷಿನವರು ಇದನ್ನು ಹಾರ್ಮೋನಿಕ್ ಮೈನರ್ ಅನ್ನುತ್ತಾರೆ. ನಿಮ್ಮ ಸ್ಕೇಲ್ ಹೈಲೈಟ್ ಸಾದಾ ಮೈನರ್‌ಗೆ ಇರುವುದರಿಂದ ಜಿ ಶಾರ್ಪ್ ಅದರಲ್ಲಿ ಹೊರಗಿನ ಸ್ವರ. ಹೊರಗಿದೆ ಅಂತ ಹೆದರಬೇಡಿ, ಆ ಬಾರ್‌ನಲ್ಲಿ ಸರಿಯಾದ ಸ್ವರ ಅದೇ.

ಲೀಡ್ ಅನ್ನು ಎಂಟನೇ ಬಾರ್‌ನಲ್ಲಿ ಹೀಗೆ ಮಾಡಿ: ಬಿ ಎ ಬಿ ಜಿ ಶಾರ್ಪ್. ಕೊನೆಯ ಜಿ ಶಾರ್ಪ್ ಎ ಗಿಂತ ಅರ್ಧ ಸ್ವರ ಮಾತ್ರ ಕೆಳಗೆ. ಡ್ರಾಪ್‌ನ ಮೊದಲ ಎ ಗೆ ಅದು ತಾನಾಗಿ ಹತ್ತುತ್ತದೆ. ಪ್ಯಾಡ್‌ನಲ್ಲಿ (ಹಿಂದೆ ಎಳೆದು ನಿಲ್ಲುವ ಸದ್ದು), ಆರ್ಪೆಜಿಯೊದಲ್ಲಿ (ಕಾರ್ಡ್ ಸ್ವರಗಳನ್ನು ಒಂದೊಂದಾಗಿ ನುಡಿಸುವುದು) ಎಲ್ಲಾದರೂ ಬರೀ ಜಿ ಉಳಿದಿದೆಯಾ ಅಂತ ಹುಡುಕಿ, ಇದ್ದರೆ ಆ ಬಾರ್‌ನಲ್ಲಿ ತೆಗೆಯಿರಿ. ನಾಲ್ಕನೇ ಬಾರ್‌ನಲ್ಲಿ ಮಾತ್ರ ಜಿ ಕಾರ್ಡ್ ಹಾಗೇ ಇರಲಿ. ಎರಡೂ ಕಡೆ ಇ ಮೇಜರ್ ಹಾಕಿದರೆ ಡ್ರಾಪ್ ಹತ್ತಿರ ಬಂತು ಅನ್ನುವ ಸೂಚನೆ ಮೊದಲೇ ಖರ್ಚಾಗಿಬಿಡುತ್ತದೆ.

ಬೇಸ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ದಸರಾ ಹೊತ್ತಿಗೆ ಅರಮನೆಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುತ್ತಾರೆ, ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಎರಡೂ ಇರುತ್ತವೆ. ಇಂಗ್ಲಿಷ್ ಬ್ಯಾಂಡ್ ಸರದಿ ಬಂದಾಗ ಟ್ರಂಪೆಟ್ ಬಿಟ್ಟು ಕೆಳಗಿನ ದಪ್ಪ ಹಿತ್ತಾಳೆ ವಾದ್ಯಗಳ ಕಡೆ ಕಿವಿ ಕೊಡಿ. ಮೇಲಿನ ಟ್ಯೂನ್ ಏರುವಾಗ ಕೆಳಗಿನವರು ಎಷ್ಟೋ ಸಲ ಇಳಿಯುತ್ತಾರೆ. ಅಲ್ಲೂ ಒಂದು ಟ್ಯೂನ್ ನಡೆಯುತ್ತಿರುತ್ತದೆ. ನಿಮ್ಮ ಬೇಸ್ ಎಫ್ ಇಂದ ಸಿ ಗೆ ನೆಗೆಯುತ್ತಿದೆ. ಮೂರನೇ ಬಾರ್‌ನಲ್ಲಿ ಸಿ ಬದಲು ಇ ಹಿಡಿದು ನೋಡಿ. ಇ ಕೂಡ ಸಿ ಕಾರ್ಡ್‌ನ ಸ್ವರವೇ, ಎಫ್ ಪಕ್ಕದ ಮನೆ. ಎ, ಎಫ್, ಇ, ಜಿ ಅಂತ ಬೇಸ್ ನಡೆದರೆ ಅದೇ ಕಾರ್ಡ್‌ಗಳು ಹೊಸದಾಗಿ ಕೇಳುತ್ತವೆ. ಏಳನೇ ಬಾರ್‌ನಲ್ಲಿ ಲೀಡ್ ಮೇಲಿನ ಇ ಹಿಡಿಯುವಾಗ ಮಾತ್ರ ಬೇಸ್ ಸಿ ಗೆ ವಾಪಸ್ ಬರಲಿ, ಅಲ್ಲಿ ಗಟ್ಟಿ ನೆಲ ಬೇಕು. ಎಂಟರಲ್ಲಿ ಇ, ಆಮೇಲೆ ಡ್ರಾಪ್‌ಗೆ ಎ.

ಸ್ಥಾಯಿ ನೋಡಿಕೊಳ್ಳಿ. ಕೆಳಗಿನ ಎ 55 ಹರ್ಟ್ಜ್, ಎಫ್ ಸುಮಾರು 44, ಇ ಸುಮಾರು 41. ಮೆರವಣಿಗೆ ಸ್ಪೀಕರ್‌ಗಳು ಎಲ್ಲವೂ ಅಷ್ಟು ಕೆಳಗೆ ಚೆನ್ನಾಗಿ ನುಡಿಯುವುದಿಲ್ಲ. ಅದಕ್ಕೆ ಬೇಸ್ ಮೇಲೆ ಒಂದು ಸ್ಥಾಯಿ ಮೇಲಿನ ತೆಳುವಾದ ಲೇಯರ್ ಇಡಿ, ಇಲ್ಲದಿದ್ದರೆ ಮೂರನೇ ಬಾರ್‌ನ ಇ ಬೀದಿಯಲ್ಲಿ ಕೇಳಿಸುವುದೇ ಇಲ್ಲ.